ಹನಿ ತಿರುಗುವ ಕಡೆ

ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಎಳ್ಳುಕಾಳಿಗಿಂತ ತುಸು ದೊಡ್ಡದಾದ ಒಂದು ಚೌಕ ಇತ್ತು. ಅದರೊಳಗೆ ಸರಿ ಗುರುತು ಹಾಕಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ಬದಲಾಗುತ್ತದೆ, ತೆಗೆದರೆ ಇದ್ದದ್ದು ಇದ್ದ ಹಾಗೆ ಕಾಣುತ್ತದೆ. ಬೆಳಗಿನ ಒಂಬತ್ತು ಗಂಟೆಯಿಂದ ಕಯೋ ಉಜಿಹಾರಾ ಆ ಚೌಕವನ್ನು ನೋಡುತ್ತ ಕೂತಿದ್ದಳು. ಮಧ್ಯಾಹ್ನ ಎರಡಕ್ಕೆ ಇದೇ ಸಭಾಂಗಣದಲ್ಲಿ ಅವಳ ಗುರು ಮುನೆಚಿಕಾ ಸೆನ್ಸೇಯ ಕೊನೆಯ ಪಾಠ. ನಿವೃತ್ತರಾಗುವ ಪ್ರಾಧ್ಯಾಪಕರು ಮಾರ್ಚ್ ತಿಂಗಳಲ್ಲಿ ಹೀಗೊಂದು ಪಾಠ ಹೇಳಿ, ಹಳೆಯ ಶಿಷ್ಯರಿಂದ ಹೂಗುಚ್ಛ ಇಸಿದುಕೊಂಡು, ಎರಡು ಹನಿ ಕಣ್ಣೀರು ಹಾಕಿ ಹೋಗುವುದು ರೂಢಿ. ಸೆನ್ಸೇಗೆ ಅಷ್ಟು ಸಾಲದು. ಹದಿನಾರು ವರ್ಷದ ಹಿಂದೆ ತಾವು ಕಂಡ ದ್ರವ ಸ್ಫಟಿಕದ ಹನಿ ಎಲ್ಲರ ಕಣ್ಣೆದುರು ತಿರುಗಬೇಕು ಅಂತ ಅವರ ಹಟ. ಹನಿಯನ್ನು ತಿರುಗಿಸುವ ಕೆಲಸ ಕಯೋಳದು. ಆಗ ಅವರ ವಿದ್ಯಾರ್ಥಿನಿಯಾಗಿದ್ದವಳು ಈಗ ಅವರ ಪ್ರಯೋಗಾಲಯದ ತಂತ್ರಜ್ಞೆ. ಹನಿ ತಿರುಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಸೆನ್ಸೇಗೆ ಹೆಸರು ತಂದ ಪ್ರಬಂಧದಲ್ಲಿ ಅದು ಬಲಸುತ್ತು, ಗಡಿಯಾರದ ಮುಳ್ಳಿನ ಹಾಗೆ, ತಿರುಗುತ್ತದೆ ಅಂತ ಅಚ್ಚಾಗಿದೆ. ನಿಜದಲ್ಲಿ ಅದು ತಿರುಗುವುದು ಎಡಸುತ್ತು. ಈ ಸಂಗತಿ ಭೂಮಿಯ ಮೇಲೆ ಕಯೋ ಒಬ್ಬಳಿಗೇ ಗೊತ್ತಿತ್ತು, ಅದೂ ಮೂರು ವಾರದಿಂದ. ಮೂರು ವಾರವೂ ಅವಳು ಬಾಯಿ ಬಿಟ್ಟಿರಲಿಲ್ಲ. ಈಗ ಚೌಕದಲ್ಲಿ ಗುರುತು ಇತ್ತು.

ಹೋರಿಯಿ ಬಾಗಿಲಲ್ಲೇ ಕೊಡೆ ಝಾಡಿಸಿ ಒಳಗೆ ಬಂದಳು. ಡಾಕ್ಟರೇಟಿನ ಕೊನೆಯ ವರ್ಷದ ಹುಡುಗಿ, ಬಾಯಿಗೆ ಬೀಗವಿಲ್ಲ. ಹೊರಗೆ ಕನಜಾವಾ ಊರಿನ ಒದ್ದೆ ಹಿಮ ಬೀಳುತ್ತಿತ್ತು, ನೆಲಕ್ಕೆ ತಾಗಿದೊಡನೆ ನೀರಾಗುವಂಥದ್ದು. 

"ಉಜಿಹಾರಾ-ಸಾನ್, ಏನಿದು ಮುಖ? ರಿಟೈರ್ ಆಗ್ತಿರೋದು ಸೆನ್ಸೇನೋ ನೀವೋ?"

"ಬೆಳಕು ಸರಿಹೋಗ್ತಿಲ್ಲ. ಅದನ್ನೇ ನೋಡ್ತಿದ್ದೆ."

"ಬೆಳಕಂತೆ. ತಿಂಡಿ ತಿಂದಿಲ್ಲ ಅನ್ನಿ. ತಗೊಳ್ಳಿ, ಅನ್ನದುಂಡೆ, ಒಳಗೆ ಹುಳಿ ಪ್ಲಮ್ ಇದೆ. ನಿಮ್ಮ ಮುಖಕ್ಕಿಂತ ಹುಳಿ ಏನಲ್ಲ." ಹೋರಿಯಿ ಚೀಲದಿಂದ ಮರುಪತ್ರಗಳ ಕಟ್ಟನ್ನು ಮೇಜಿನ ಮೇಲೆ ಸುರಿದಳು. "ಇನ್ನೂರ ಹದಿಮೂರು ಜನ. ಅಂದ ಹಾಗೆ ಈ ಟೊಯೊಶಿಮಾ ಯಾರು? ಹಿಮಿ ಊರಿಂದ ಬರ್ತಾರಂತೆ, ಹೈಸ್ಕೂಲ್ ಮೇಷ್ಟ್ರಂತೆ. ನಮ್ಮ ಪಟ್ಟಿಯಲ್ಲಿ ಈ ಹೆಸರೇ ಇರ್ಲಿಲ್ಲ. ಗೌರವದ ಅಕ್ಷರ ಹೊಡೆದುಹಾಕೋಕೂ ಸ್ಕೇಲ್ ಇಟ್ಟು ಎರಡೆರಡು ಗೆರೆ ಎಳೆದಿದ್ದಾರೆ ನೋಡಿ. ನಮ್ಮಜ್ಜಿ ಕೂಡ ಇಷ್ಟು ಮಾಡಲ್ಲ!"

ಕಯೋ ಪತ್ರವನ್ನು ಕೈಗೆ ತೆಗೆದುಕೊಂಡಳು. ಅಚ್ಚಾದ ಪತ್ರದಲ್ಲಿ ತನಗೆ ಹಾಕಿದ ಗೌರವದ ಅಕ್ಷರವನ್ನು ತಾನೇ ಹೊಡೆದುಹಾಕಿ ಮರುಪತ್ರ ಕಳಿಸುವುದು ಮರ್ಯಾದೆ, ಎಲ್ಲರೂ ಮಾಡುತ್ತಾರೆ, ಪೆನ್ನನ್ನು ಒಮ್ಮೆ ಎಳೆದರೆ ಮುಗಿಯಿತು. ಈ ಮನುಷ್ಯ ಮಾತ್ರ ಅದನ್ನು ಇಷ್ಟು ನೀಟಾಗಿ ಹೊಡೆದಿದ್ದ, ಅದು ತನಗೆ ಸೇರಿದ್ದೇ ಅಲ್ಲ ಅನ್ನುವ ಹಾಗೆ. ಆಮಂತ್ರಣ ಕಳಿಸಿದ್ದು ಅವಳೇ. ಮೂರು ವಾರದ ಹಿಂದೆ, ಸತ್ಯ ತಿಳಿದ ಮರುದಿನ, ಯಾರಿಗೂ ಹೇಳದೆ ವಿಳಾಸ ಹುಡುಕಿ ಅಂಚೆಗೆ ಹಾಕಿದ್ದಳು. ಅವನು ಹೇಗೂ ಬರಲಾರ ಅಂತ ಧೈರ್ಯ ಇತ್ತೋ ಏನೋ. ಬರುತ್ತಾನೆ. "ಹಳೇ ಪರಿಚಯ," ಅಂದಳು. ಪ್ರಬಂಧ ಹೊರಬಂದ ವರ್ಷ ಟೊಯೊಶಿಮಾ ಒಂದು ಸಣ್ಣ ಕಾಲೇಜಿನಲ್ಲಿ ತಾತ್ಕಾಲಿಕ ಅಧ್ಯಾಪಕ. ಶರತ್ಕಾಲದ ಸಮ್ಮೇಳನದಲ್ಲಿ ಗೋಡೆಗೆ ಒಂದು ಭಿತ್ತಿಪತ್ರ ಅಂಟಿಸಿ, ಪಕ್ಕದಲ್ಲಿ ಎರಡೂ ಕೈ ಮುಂದೆ ಕಟ್ಟಿಕೊಂಡು ನಿಂತಿದ್ದ: ಅದೇ ರಾಸಾಯನಿಕ, ಅದೇ ಶಾಖ, ಆದರೆ ಹನಿ ತಿರುಗಿದ್ದು ಎಡಸುತ್ತು. ಸೆನ್ಸೇ ಕೆಟ್ಟವರಲ್ಲ. ಆದರೆ ಸುತ್ತ ಹತ್ತು ಜನ ಇದ್ದಾಗ ಒಂದು ಚಟಾಕಿ ಹಾರಿಸದೆ ಅವರಿಂದ ಇರಲಾಗದು. "ಟೊಯೊಶಿಮಾ-ಸಾನ್, ಸೀಸೆಯ ಮುಚ್ಚಳ ಅದಲು ಬದಲಾಗಿಲ್ಲ ತಾನೇ?" ಅಂದರು. ಎಲ್ಲರೂ ಘೊಳ್ಳನೆ ನಕ್ಕರು. ಸೆನ್ಸೇಯ ಬೆನ್ನ ಹಿಂದೆ ನಿಂತಿದ್ದ ಕಯೋ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವನು ತಲೆ ಕೆರೆದುಕೊಳ್ಳುತ್ತ ತಾನೂ ನಕ್ಕ, ಬಗ್ಗಿ ನಮಸ್ಕರಿಸಿದ, ನೋಡಿ ಹೇಳುತ್ತೇನೆ ಅಂದ. ತಿಂಗಳಾದ ಮೇಲೆ ಪತ್ರ ಬಂತು: ಪರೀಕ್ಷಿಸಿದೆ, ಸೀಸೆ ಅದಲು ಬದಲಾಗಿತ್ತು, ತಮ್ಮ ಅಮೂಲ್ಯ ಸಮಯ ಹಾಳು ಮಾಡಿದ್ದಕ್ಕೆ ಕ್ಷಮೆ ಇರಲಿ. ವರ್ಷದ ಕೊನೆಗೆ ಅವನ ಕೆಲಸ ಮುಂದುವರಿಯಲಿಲ್ಲ. ಆಮೇಲೆ ಅವನ ಹೆಸರು ಯಾವ ಸಮ್ಮೇಳನದಲ್ಲೂ ಕೇಳಿಬರಲಿಲ್ಲ. ದೊಡ್ಡವರ ಎದುರು ನಿಲ್ಲಲಾರದೆ ಸೋಲೊಪ್ಪಿಕೊಂಡ ಪಾಪ ಅಂತ ಕಯೋ ಆಗ ಅಂದುಕೊಂಡಿದ್ದಳು. ಪಾಪ ಅನ್ನುವುದು ಬಹಳ ಅಗ್ಗದ ಮಾತು.

ಅವಳು ಗಾಜಿನ ಬಿಲ್ಲೆಗಳನ್ನು ಒರೆಸತೊಡಗಿದಳು. ಇಪ್ಪತ್ತು ವರ್ಷದಿಂದ ದಿನಾ ಮಾಡುವ ಕೆಲಸ, ಕೈ ತನ್ನ ಪಾಡಿಗೆ ತಾನು ಮಾಡುತ್ತದೆ. ಎರಡು ಬಿಲ್ಲೆಗಳ ನಡುವೆ ಕೂದಲೆಳೆಯಷ್ಟು ಜಾಗ, ಅದರೊಳಗೆ ದ್ರವ. ಕೆಳಗಿನ ಬಿಲ್ಲೆ ತುಸು ಬೆಚ್ಚಗೆ, ಮೇಲಿನದು ತುಸು ತಣ್ಣಗೆ. ಕರಗಿಯೂ ಕರಗದ ಒಂದು ಹದ ಬರುತ್ತದೆ. ಅದಕ್ಕಿಂತ ಒಂದು ಚೂರು ಮೇಲೆ ಹೋದರೆ ಎಲ್ಲ ಕರಗಿ ಕತ್ತಲೆ, ಕೆಳಗೆ ಬಂದರೆ ಎಲ್ಲ ಹೆಪ್ಪು. ಹದಿನಾರು ವರ್ಷದ ಹಿಂದೆ ಆ ಹದಕ್ಕಾಗಿ ಅವಳು ಏಳು ತಿಂಗಳು ಒದ್ದಾಡಿದ್ದಳು. ಆವತ್ತು ಜೂನ್ ತಿಂಗಳ ಮಧ್ಯಾಹ್ನ, ಮಳೆ ಹಿಡಿದಿತ್ತು, ಕಾರಿಡಾರಿನಲ್ಲಿ ಯಾರದೋ ಊಟದ ಡಬ್ಬಿಯ ಮೀನಿನ ವಾಸನೆ. ಬೇಸರದಿಂದಲೇ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಕಪ್ಪು ಬಯಲಿನಲ್ಲಿ ಮೂವತ್ತೋ ನಲವತ್ತೋ ಹನಿಗಳು, ಪ್ರತಿಯೊಂದರ ನಡುವೆ ಕಾಫಿ ಬೀಜಕ್ಕಿರುವಂಥ ಬೆಳಕಿನ ಗೆರೆ. ಗೆರೆಗಳು ಅಲುಗಿದವು. ಇಲ್ಲ, ಅಲುಗಲಿಲ್ಲ, ತಿರುಗಿದವು. ಎಲ್ಲವೂ ಒಟ್ಟಿಗೆ, ಒಂದೇ ಕಡೆಗೆ. ಚಿಕ್ಕವು ತುಸು ಬೇಗ, ದೊಡ್ಡವು ನಿಧಾನ, ಗಡಿಬಿಡಿ ಇಲ್ಲದೆ, ಯಾವ ಸದ್ದೂ ಇಲ್ಲದೆ. ಯಾರೂ ತಳ್ಳುತ್ತಿರಲಿಲ್ಲ. ತಂತಿ ಇಲ್ಲ, ಅಯಸ್ಕಾಂತ ಇಲ್ಲ, ಗಾಳಿ ಇಲ್ಲ. ಕೆಳಗಿನಿಂದ ಮೇಲಕ್ಕೆ ಒಂದಿಷ್ಟು ಶಾಖ ಹಾದುಹೋಗುತ್ತಿತ್ತು, ಅಷ್ಟೇ. ನೆಟ್ಟಗೆ ಮೇಲೇರುವ ಶಾಖ ಹನಿಯನ್ನು ಸುತ್ತು ಹಾಕಿಸುವುದು ಹೇಗೆ? ಅಣುಗಳಲ್ಲಿ ಒಂದು ತಿರುಚು ಇದೆ ಅಂತ ಅವಳಿಗೆ ಗೊತ್ತಿತ್ತು. ದ್ರವಕ್ಕೆ ಬೆರೆಸುವ ಕೆಂಪು ಮುಚ್ಚಳದ ಸೀಸೆಯ ಬಿಳಿ ಪುಡಿಗೂ ನೀಲಿ ಮುಚ್ಚಳದ್ದಕ್ಕೂ ತೂಕದಲ್ಲಿ, ಬಣ್ಣದಲ್ಲಿ, ಕರಗುವ ಬಿಸಿಯಲ್ಲಿ ಕೂದಲಷ್ಟೂ ವ್ಯತ್ಯಾಸವಿಲ್ಲ. ಒಂದು ಬಲಗೈಯಾದರೆ ಇನ್ನೊಂದು ಎಡಗೈ, ಅಷ್ಟೇ ಭೇದ. ಒಂದನ್ನು ಬೆರೆಸಿದರೆ ಹನಿ ಒಂದು ಕಡೆಗೆ ಸುತ್ತುತ್ತದೆ, ಇನ್ನೊಂದನ್ನು ಬೆರೆಸಿದರೆ ಅದರ ವಿರುದ್ಧಕ್ಕೆ, ಎರಡನ್ನೂ ಸಮ ಹಾಕಿದರೆ ನಿಂತುಬಿಡುತ್ತದೆ. ಕಣ್ಣಿಗೆ ಕಾಣದ ಆ ಎಡಬಲ ಕಣ್ಣಿಗೆ ಕಾಣುವ ಸುತ್ತಾಗಿ ಬಂದಿತ್ತು. ಗೊತ್ತಿದ್ದದ್ದು ಬೇರೆ, ಕಂಡದ್ದೇ ಬೇರೆ. ಅವಳು ಓಡಿಹೋಗಿ ಸೆನ್ಸೇಯ ಬಾಗಿಲು ತಟ್ಟದೆ ತೆರೆದಳು, ಕೈ ಮಾಡಿ ಕರೆದಳು. ಅವರು ಊಟದ ಕಡ್ಡಿಗಳನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ಕಣ್ಣಿಟ್ಟರು. ಬಾಯಲ್ಲಿದ್ದ ಅನ್ನ ಅಗಿಯುವುದನ್ನು ನಿಲ್ಲಿಸಿದರು. ಹತ್ತು ನಿಮಿಷ ಆ ಮನುಷ್ಯ ತುತ್ತು ನುಂಗಲಿಲ್ಲ.

ಆ ದಿನದ ಟಿಪ್ಪಣಿ ಪುಸ್ತಕ ಈಗಲೂ ಅವಳ ಕಪಾಟಿನಲ್ಲಿದೆ. 'ತಿರುಗಿತು. ಸೆನ್ಸೇಗೂ ಕಂಡಿತು.' ಅಷ್ಟೇ ಬರೆದಿದ್ದಾಳೆ. ಯಾವ ಕಡೆಗೆ ಅಂತ ಇಲ್ಲ. ತಿರುಗಿತಲ್ಲ ಅನ್ನುವ ಬೆರಗಿನಲ್ಲಿ ಯಾವ ಕಡೆಗೆ ಅಂತ ಇಬ್ಬರೂ ನೋಡಲೇ ಇಲ್ಲ! ಕಡೆ ಬಂದದ್ದು ಮರುದಿನ, ಕ್ಯಾಮೆರಾದಿಂದ. ಸೂಕ್ಷ್ಮದರ್ಶಕದ ಪಕ್ಕಕ್ಕೆ ಒಂದು ಕೊಳವೆ ಕೂಡಿಸಿ ಅದರ ತುದಿಗೆ ಅವಳೇ ಕ್ಯಾಮೆರಾ ಬಿಗಿದಳು. ಕೊಳವೆಯೊಳಗೆ ಬೆಳಕನ್ನು ಪಕ್ಕಕ್ಕೆ ಹೊರಳಿಸಲು ಒಂದು ಕನ್ನಡಿ ಇತ್ತು. ಒಂದೇ ಒಂದು. ಚಿತ್ರ ತಲೆಕೆಳಗಾದರೆ ಸುತ್ತು ಬದಲಾಗುವುದಿಲ್ಲ, ಕನ್ನಡಿಯಲ್ಲಿ ಹಾದು ಬಂದರೆ ಬದಲಾಗುತ್ತದೆ. ಪ್ರತಿ ಏಪ್ರಿಲ್‌ನಲ್ಲಿ ಹೊಸ ವಿದ್ಯಾರ್ಥಿಗಳಿಗೆ ಇದನ್ನು ಹೇಳಿಕೊಡುವವಳೂ ಅವಳೇ. ತನಗೆ ಮಾತ್ರ ಹೇಳಿಕೊಂಡಿರಲಿಲ್ಲ. ಆಮೇಲೆ ಬಂದ ಎಲ್ಲರೂ ಅದೇ ಕೊಳವೆಯಲ್ಲಿ ನೋಡಿದರು, ವೇಗ ಅಳೆದರು, ಪದವಿ ಪಡೆದು ಹೋದರು. ಬೇರೆ ಊರುಗಳಲ್ಲಿ ಬೇರೆ ರಾಸಾಯನಿಕ, ಹೋಲಿಸುವ ಗೋಜಿಲ್ಲ. ಯಾರಿಗಾದರೂ ಉಲ್ಟಾ ಕಂಡಿದ್ದರೆ ಅವರು ಮೊದಲು ತಮ್ಮ ಸೀಸೆಯನ್ನೇ ಅನುಮಾನಿಸಿರಬೇಕು. ಮೂರು ವಾರದ ಹಿಂದೆ ಈ ಪ್ರದರ್ಶನಕ್ಕೆಂದು ಹೊಸ ಕ್ಯಾಮೆರಾವನ್ನು ನೇರ ಮೇಲೆಯೇ ಕೂಡಿಸಿದಾಗ ಹನಿ ಎಡಕ್ಕೆ ಸುತ್ತಿತು. ಅವಳಿಗೂ ಮೊದಲು ಹೊಳೆದದ್ದು ಸೀಸೆಯೇ. ಮೂರು ಸಲ ಹೊಸದಾಗಿ ಬೆರೆಸಿದಳು. ಮೂರು ಸಲವೂ ಎಡಕ್ಕೆ. ಕೊನೆಗೆ ದಿನಪತ್ರಿಕೆಯ ಒಂದು ಚೂರು ಹರಿದು ಹಳೆಯ ಕೊಳವೆಯ ಕೆಳಗಿಟ್ಟಳು. ಪರದೆಯ ಮೇಲೆ ಅಕ್ಷರಗಳು ಮೊಹರಿನ ಮುಖದಲ್ಲಿ ಕೆತ್ತಿದ ಹಾಗೆ ಹಿಂದುಮುಂದಾಗಿ ಬಂದವು. ಅವಳು ಕುರ್ಚಿಯ ಮೇಲೆ ಕುಸಿದಳು. ಅಂಥ ಹೊತ್ತಿನಲ್ಲೂ ಆಮೇಲೆ ಮಾಡಿದ ಕೆಲಸ ನೆನೆದರೆ ಅವಳಿಗೇ ನಾಚಿಕೆ: ಅರ್ಧ ಗಂಟೆ ಸುಮ್ಮನೆ ಹನಿಯನ್ನು ನೋಡುತ್ತ ಕೂತುಬಿಟ್ಟಳು. ಹದಿನಾರು ವರ್ಷ ಇಡೀ ಪ್ರಯೋಗಾಲಯ ಬಲ ಬಲ ಅನ್ನುತ್ತಿದ್ದರೂ ಇದು ತನ್ನ ಪಾಡಿಗೆ ಎಡಕ್ಕೆ ತಿರುಗುತ್ತಲೇ ಇತ್ತಲ್ಲ. ಇದಕ್ಕೆ ನಮ್ಮ ಹಂಗೇ ಇಲ್ಲವಲ್ಲ. ಆ ಜೂನ್ ಮಧ್ಯಾಹ್ನ ಕಣ್ಣಾರೆ ಕಂಡದ್ದನ್ನು ನೆನಪಿಸಿಕೊಳ್ಳಲು ಹೋದಳು. ನೆನಪಿನಲ್ಲಿ ಹನಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ, ಕೇಳಿದ ಕಡೆಗೆಲ್ಲ ತಿರುಗಿ ತೋರಿಸಿತು.

ನಿನ್ನೆ ತಾಲೀಮು. ಸೆನ್ಸೇ ಬರುವ ಸದ್ದು ಕೇಳಿದೊಡನೆ ಅವಳ ಕೈ ಆ ಚೌಕದಲ್ಲಿ ಗುರುತು ಹಾಕಿತು. ಯೋಚಿಸಿ ಮಾಡಿದ್ದಲ್ಲ, ಆದರೆ ಮಾಡಿದ್ದು ಹೌದು. ಹನಿಗಳು ಬಲಸುತ್ತು ತಿರುಗಿದವು. ಸೆನ್ಸೇ ಪರದೆಯ ಮುಂದೆ ಕೈ ಹಿಂದೆ ಕಟ್ಟಿ ನಿಂತು, ಹಳೆಯ ಗೆಳೆಯನನ್ನು ಕಂಡವರ ಹಾಗೆ ತಲೆಯಾಡಿಸಿ, "ಚೆನ್ನಾಗಿದೆ ಉಜಿಹಾರಾ-ಕುನ್, ನೀನಿಲ್ಲದಿದ್ರೆ ನನ್ನ ಹನಿ ಸೋಮಾರಿ ಆಗ್ತಿತ್ತು," ಅಂದರು. ಅವಳು ತಲೆಬಾಗಿಸಿ ಥ್ಯಾಂಕ್ಸ್ ಹೇಳಿದ್ದಳು. ಈಗ ಟೊಯೊಶಿಮಾನ ಪತ್ರ ಮೇಜಿನ ಮೇಲಿತ್ತು. ಅವನು ಬಂದು ಕೂರುತ್ತಾನೆ, ಅವನ ಕಣ್ಣೆದುರು ಹನಿ ಬಲಕ್ಕೆ ಸುತ್ತುತ್ತದೆ, ಅವನು ಇನ್ನೊಮ್ಮೆ ತಲೆ ಕೆರೆದುಕೊಂಡು ಹಿಮಿಯ ಬಸ್ಸು ಹತ್ತುತ್ತಾನೆ. ಅವಳು ಅನ್ನದುಂಡೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಸೆನ್ಸೇಯ ಕೋಣೆಯಲ್ಲಿ ಕಪಾಟುಗಳು ಬರಿದಾಗಿದ್ದವು. ಅವರು ನೆಲದ ಮೇಲೆ ಕೂತು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ಮದುವೆ ಮನೆಯ ಕಪ್ಪು ಸೂಟು, ಕಾಲಿಗೆ ಮಾತ್ರ ಹವಾಯಿ ಚಪ್ಪಲಿ. "ಬಾ, ಬಾ. ನಿಂಗೆ ಯಾವ ಪುಸ್ತಕ ಬೇಕು ಹೇಳು. ಇಲ್ಲದಿದ್ರೆ ಇದೆಲ್ಲ ರದ್ದಿಗೆ."

ಅವಳು ನಿಂತಲ್ಲಿಂದಲೇ ಹೇಳಿದಳು. ಬಾಯಿಪಾಠ ಒಪ್ಪಿಸುವ ಮಗುವಿನ ಹಾಗೆ, ಕೊಳವೆ, ಕನ್ನಡಿ, ಪತ್ರಿಕೆಯ ಚೂರು ಎಲ್ಲ ಹೇಳಿ ಮುಗಿಸಿದಳು. ಸೆನ್ಸೇ ಕೈಯಲ್ಲಿದ್ದ ಪುಸ್ತಕದ ಧೂಳನ್ನು ಒರೆಸುತ್ತಲೇ ಇದ್ದರು.

"ನಿನ್ನೆ ಸರಿಯಾಗೇ ತಿರುಗ್ತಿತ್ತಲ್ಲ?"

"ನಿನ್ನೆ ನಾನು ಚಿತ್ರಾನ ಉಲ್ಟಾ ಮಾಡಿದ್ದೆ. ಕಂಪ್ಯೂಟರಲ್ಲಿ ಒಂದು ಗುರುತು ಹಾಕಿ. ನೀವು ಬರೋ ಮುಂಚೆ."

"ನಂಗೆ ತೋರಿಸೋಕೆ ಅಂತ?"

"ಹೌದು."

ಅವರು ಬಯ್ಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳ ಮುಖವನ್ನು ಒಂದು ಕ್ಷಣ ನೋಡಿದರು, ಹೊಸದಾಗಿ ಕಂಡವಳನ್ನು ನೋಡುವ ಹಾಗೆ, ಆಮೇಲೆ ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟರು. ಪ್ರಬಂಧದಲ್ಲಿ ಅವರ ಹೆಸರಿನ ಮುಂದೆ ಅವಳ ಹೆಸರೂ ಇತ್ತು, ಆದರೆ ಮಾತು ಬಂದಾಗ ಜನ ಹೇಳುವುದು ಮುನೆಚಿಕಾರ ಹನಿ ಅಂತಲೇ. ಅದು ಅವಳಿಗೆ ಒಂದು ಕಾಲಕ್ಕೆ ಚುಚ್ಚುತ್ತಿತ್ತು. ಈಗ ಆ ಹೆಸರಿನ ಮರೆಯಲ್ಲಿ ಇಷ್ಟು ವರ್ಷ ಎಷ್ಟು ಬೆಚ್ಚಗೆ ಕೂತಿದ್ದೆ ಅನ್ನಿಸಿತು.

"ಟೊಯೊಶಿಮಾ-ಸಾನ್ ಬರ್ತಿದ್ದಾರೆ. ನಾನೇ ಕರೆದೆ," ಅಂದಳು.

"ಯಾರು?" ಅಂದರು. ಆಮೇಲೆ ನೆನಪಾಯಿತು. ಅವರ ಕಿವಿ ಕೆಂಪಾದದ್ದನ್ನು ಅವಳು ಕಂಡಳು. ಕಿಟಕಿಯ ಕಡೆ ತಿರುಗಿ ಹೇಳಿದರು: "ಇವತ್ತು ನನ್ನ ಹೆಂಡತಿ ಬರ್ತಾಳೆ. ಮೂವತ್ತೈದು ವರ್ಷದಲ್ಲಿ ಒಂದು ಸಲಾನೂ ಬಂದು ನೋಡಿದವಳಲ್ಲ, ನಾನೇನು ಮಾಡ್ತೀನಿ ಅಂತ. ಹೊಸ ಓಬಿ ಬೇರೆ ಕಟ್ಕೊಂಡು ಬರ್ತಾಳಂತೆ. ಇವತ್ತೊಂದಿನ ಇರ್ಲಿ, ಉಜಿಹಾರಾ-ಕುನ್. ನಿನ್ನೆ ಹೇಗಿತ್ತೋ ಹಾಗೇ. ನಾಳೆ ನಾನೇ ಪತ್ರಿಕೆಗೆ ತಿದ್ದುಪಡಿ ಬರೀತೀನಿ. ಅವರಿಗೂ ಬರೀತೀನಿ. ಇವತ್ತು ಬೇಡ."

ಅವಳು ಆಗಲಿ ಅಂದಳು. ಅಷ್ಟು ಬೇಗ ಅಂದುಬಿಟ್ಟಳು. ಮೆಟ್ಟಿಲಿಳಿಯುವಾಗ ಅವರ ಮೇಲೆ ಸಿಟ್ಟು ಬಂತು, ಎರಡನೇ ಮಹಡಿಗೆ ಬರುವಷ್ಟರಲ್ಲಿ ಆ ಸಿಟ್ಟು ತನ್ನ ಮೇಲೆಯೇ ತಿರುಗಿತು. ಅವರು ಕೇಳಿದ್ದು ಒಂದು ದಿನ. ತಾನು ಕೇಳದೆಯೇ ಮೂರು ವಾರ ತೆಗೆದುಕೊಂಡಿದ್ದಳು. ಒಂದು ದಿನ ತಡವಾದರೆ ಏನು ಮುಳುಗಿಹೋಗುತ್ತದೆ? ಹದಿನಾರು ವರ್ಷ ಕಾದವನು ಒಂದು ರಾತ್ರಿ ಕಾಯಲಾರನೇ? ಹೀಗೆಲ್ಲ ಲೆಕ್ಕ ಹಾಕುವಾಗಲೇ ಅವಳಿಗೆ ತನ್ನ ನಗು ಕೇಳಿಸಿತು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ ಆ ಪುಸಕ್ಕನೆಯ ನಗು. ಅದಕ್ಕೆ ಯಾವ ತಿದ್ದುಪಡಿಯನ್ನು ಯಾವ ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದು?

ಒಂದೂವರೆಗೆಲ್ಲ ಸಭಾಂಗಣ ತುಂಬಿತು. ಒದ್ದೆ ಕೋಟುಗಳ ವಾಸನೆ, ಪರಸ್ಪರ ಬಗ್ಗುವ ತಲೆಗಳು, ತಲೆ ಬೋಳಾದವರನ್ನು ಗುರುತು ಹಿಡಿಯಲಾರದೆ ಹೆಸರು ನುಂಗುವವರು. ಸೆನ್ಸೇಯ ಹೆಂಡತಿ ಬೂದು ಕಿಮೋನೋದಲ್ಲಿ ಮುಂದಿನ ಸಾಲಿನಲ್ಲಿ ನೆಟ್ಟಗೆ ಕೂತಿದ್ದರು. ಸೊಂಟಕ್ಕೆ ಬಿಗಿದ ಓಬಿ ಹೊಸದೇ ಇರಬೇಕು, ಉಸಿರಾಡಲು ಕಷ್ಟಪಡುತ್ತಿದ್ದರು. ಟೊಯೊಶಿಮಾ ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕದಲ್ಲಿದ್ದ. ಕೂದಲು ಪೂರ್ತಿ ನರೆತಿತ್ತು. ಮಡಿಸಿದ ಕೋಟನ್ನು ತೊಡೆಯ ಮೇಲಿಟ್ಟುಕೊಂಡು, ಯಾರಿಗಾದರೂ ಜಾಗ ಬೇಕಾದರೆ ಎದ್ದುಬಿಡುವವನ ಹಾಗೆ ಕುರ್ಚಿಯ ಅಂಚಿನಲ್ಲಿ ಕೂತಿದ್ದ. ಸೆನ್ಸೇ ಪಾಠ ಶುರು ಮಾಡಿದರು. ಚಟಾಕಿಗಳು ಬಂದವು, ಜನ ನಕ್ಕರು. ಕಯೋ ವೇದಿಕೆಯ ಪಕ್ಕದ ಮೇಜಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ಹದ ಕಾಯುತ್ತಿದ್ದಳು. ಅವಳಿಗೆ ಮಾತು ಕೇಳಿಸುತ್ತಿರಲಿಲ್ಲ, ನಗು ಮಾತ್ರ ಕೇಳಿಸುತ್ತಿತ್ತು. ಹೋರಿಯಿ ಕಿಟಕಿಯ ಪರದೆಗಳನ್ನು ಎಳೆದು ದೀಪ ಆರಿಸಿದಳು. ಹದ ಬಂತು.

ಗೋಡೆಯಷ್ಟು ದೊಡ್ಡ ಕಪ್ಪು ಬಯಲಿನಲ್ಲಿ ಹನಿಗಳು ಒಂದೊಂದಾಗಿ ಮೂಡಿದವು. ಕೂದಲಿಗಿಂತ ಸಣ್ಣದು ಈಗ ತಟ್ಟೆಯಷ್ಟಗಲ. ಬೆಳಕಿನ ಗೆರೆಗಳು ತಿರುಗತೊಡಗಿದವು. ಈ ವಿಷಯದ ಗಂಧಗಾಳಿ ಇಲ್ಲದವರೂ, ಇದನ್ನು ಸಾವಿರ ಸಲ ಕಂಡು ಬೇಸತ್ತ ಹಳೆಯ ಶಿಷ್ಯರೂ ಒಂದೇ ಸಮ ನೋಡುತ್ತಿದ್ದರು. ಸೆನ್ಸೇಯ ಹೆಂಡತಿ ಕೈಯಲ್ಲಿದ್ದ ಕರವಸ್ತ್ರವನ್ನು ಕೆನ್ನೆಗೆ ಒತ್ತಿಕೊಂಡಿದ್ದರು. ಕಯೋಳಿಗೂ ಭಯ ಮರೆತುಹೋಯಿತು. ಎಷ್ಟು ಸಲ ಕಂಡರೂ ಎದೆಯೊಳಗೆ ಏನೋ ಎದ್ದು ನಿಲ್ಲುತ್ತದೆ. ಇಂಥದ್ದೊಂದು ಇರುವ ಜಗತ್ತಿನಲ್ಲಿ ತಾನೂ ಇದ್ದೇನೆ ಅನ್ನುವ ಒಂದು ಕೃತಜ್ಞತೆ. ಆಮೇಲೆ ಅವಳ ಕಣ್ಣು ಚೌಕದ ಮೇಲೆ ಬಿತ್ತು. ಗುರುತು ಇತ್ತು. ಹನಿಗಳು ಬಲಸುತ್ತು ತಿರುಗುತ್ತಿದ್ದವು.

"ಯಾರೂ ತಳ್ತಿಲ್ಲ ನೋಡಿ," ಅಂದರು ಸೆನ್ಸೇ. ಅವರ ದನಿಯಲ್ಲಿ ಚಟಾಕಿ ಇರಲಿಲ್ಲ. "ಕೆಳಗಿಂದ ಮೇಲಕ್ಕೆ ಬರೀ ಶಾಖ ಹೋಗ್ತಿದೆ. ನಾಲ್ಕೈದು ಡಿಗ್ರಿ. ನಿಮ್ಮ ಅಂಗೈಗೂ ಗೊತ್ತಾಗಲ್ಲ ಅಷ್ಟು. ಅಷ್ಟಕ್ಕೇ ಇದು ತಿರುಗತ್ತೆ, ಯಾಕಂದ್ರೆ ಇದರ ಅಣುವಿನೊಳಗೆ ಒಂದು ತಿರುಚು ಇದೆ. ನಾವು ಯಾರೂ ಹುಟ್ಟೋಕೆ ಮುಂಚೆನೂ ಇದು ಹೀಗೇ. ಮೇಲಿಂದ ನೋಡಿದ್ರೆ, ಕೆಂಪು ಮುಚ್ಚಳದ್ದು ಯಾವಾಗಲೂ..."

ಮುಂದಿನ ಮಾತು ಬರಲಿಲ್ಲ. ಜನ ಅವರಿಗೆ ದುಃಖ ಉಕ್ಕಿತು ಅಂದುಕೊಂಡರು. ಯಾರೋ ಮೂಗು ಒರೆಸಿಕೊಂಡರು. ಸೆನ್ಸೇ ಸಭೆಗೆ ಬೆನ್ನು ಹಾಕಿ ಹನಿಗಳನ್ನು ನೋಡುತ್ತ ನಿಂತುಬಿಟ್ಟರು. ಅವರ ಬಿಳಿ ತಲೆಯ ಮೇಲೆ, ಕಪ್ಪು ಸೂಟಿನ ಮೇಲೆ ಹನಿಗಳು ಬಲಕ್ಕೆ ಸುತ್ತುತ್ತಿದ್ದವು. ಆ ಒಂದು ಪದ ಅವರ ಬಾಯಿಂದ ಬಂದುಬಿಡಲಿ ಅಂತ ಕಯೋ ಬೇಡಿದಳು, ಬರದಿರಲಿ ಅಂತಲೂ ಬೇಡಿದಳು. ಅವಳ ಕೈ ಮೌಸ್ ಮೇಲಿತ್ತು, ಬಾಣದ ಗುರುತು ಚೌಕದ ಮೇಲಿತ್ತು. ಒತ್ತಿದಳು. "ಉಜಿಹಾರಾ-ಕುನ್, ಆ ಗುರುತು ತೆಗಿ," ಅಂದರು ಸೆನ್ಸೇ. ಅವರು ಹೇಳಿದ ಮೇಲೆ ಒತ್ತಿದಳೋ, ಒತ್ತಿದ ಮೇಲೆ ಅವರು ಹೇಳಿದರೋ. ಅದು ಅವಳಿಗೆ ಆಗಲೂ ತಿಳಿಯಲಿಲ್ಲ, ಆಮೇಲೂ ತಿಳಿಯುವ ಹಾಗಿರಲಿಲ್ಲ. ಗೋಡೆಯ ತುಂಬ ಇದ್ದ ಹನಿಗಳೆಲ್ಲ ಒಮ್ಮೆಗೇ ಜಾಗ ಬದಲಿಸಿ ಎಡಸುತ್ತು ತಿರುಗತೊಡಗಿದವು. ಹಾ ಅಂದಿತು ಸಭೆ.

"ಈಗ ಕಾಣ್ತಿರೋದು ನಿಜ," ಅಂದರು ಸೆನ್ಸೇ, ಇನ್ನೂ ಬೆನ್ನು ಹಾಕಿಕೊಂಡೇ. "ಹದಿನಾರು ವರ್ಷ ನಾನು ಕನ್ನಡಿಯೊಳಗೆ ನೋಡಿ ಊರಿಗೆಲ್ಲ ಹೇಳ್ಕೊಂಡು ಬಂದೆ. ಕಣ್ಣಿಟ್ಟು ನೋಡಿದ್ರೆ ಒಂದು ನಿಮಿಷದ ಕೆಲಸ. ನೋಡಲಿಲ್ಲ." ಆಮೇಲೆ ತಿರುಗಿ, ಕತ್ತಲಲ್ಲಿ ಕಣ್ಣು ಕಿರಿದು ಮಾಡಿ, "ಟೊಯೊಶಿಮಾ-ಸಾನ್ ಬಂದಿದ್ದೀರಂತೆ. ಎಲ್ಲಿದ್ದೀರಿ?" ಅಂದರು.

ಕೊನೆಯ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಅವನು ಎದ್ದು ನಿಂತ, ಕೋಟು ಕೆಳಗೆ ಬಿತ್ತು, ಬಗ್ಗಿ ಎತ್ತಿಕೊಳ್ಳಲೋ ಬೇಡವೋ ಅಂತ ಗೊತ್ತಾಗದೆ ಅರ್ಧ ಬಗ್ಗಿದ.

"ಇವರು ಆಗಲೇ ಎಡ ಅಂತ ಹೇಳಿದ್ರು. ಇವರ ಸೀಸೆ ಸರಿಯಾಗೇ ಇತ್ತು. ನಾನು ಹತ್ತು ಜನರನ್ನ ನಗಿಸಿದೆ," ಅಂದು ಸೆನ್ಸೇ ಸೊಂಟದಿಂದ ಬಗ್ಗಿದರು. ಅವನು ಅದಕ್ಕಿಂತ ಕೆಳಗೆ ಬಗ್ಗಿದ. ಸೆನ್ಸೇ ಏಳಲಿಲ್ಲವಾದ್ದರಿಂದ ಅವನೂ ಏಳಲಾರ. ಅವನು ಏಳದೆ ಇವರು ಏಳುವವರಲ್ಲ. ಇಬ್ಬರೂ ಸಭಾಂಗಣದ ಎರಡು ತುದಿಗಳಲ್ಲಿ ಹಾಗೇ ನಿಂತರು. ಎಲ್ಲೋ ಒಬ್ಬ ಕಿಸಕ್ಕೆಂದ, ಜೊತೆಗಿದ್ದವರು ನಗದ ಕಾರಣ ಸುಮ್ಮನಾದ.

ಪಾಠ ಹೇಗೋ ಮುಗಿಯಿತು. ಹೂಗುಚ್ಛ ಕೊಟ್ಟರು, ಚಪ್ಪಾಳೆ ತಟ್ಟಿದರು. ಸೆನ್ಸೇಯ ಹೆಂಡತಿ ಗ್ರೂಪ್ ಫೋಟೋಕ್ಕೆ ಹೋಗುವ ದಾರಿಯಲ್ಲಿ ಕಯೋಳ ಮೇಜಿನ ಬಳಿ ನಿಂತು, "ಎಷ್ಟು ಚೆಂದ ಇದೆ ಅಲ್ವಾ? ಮನೆಯಲ್ಲಿ ಒಂದು ಮಾತೂ ಹೇಳಿರಲಿಲ್ಲ, ಕಳ್ಳ," ಅಂದರು. ಫೋಟೋದವನು ಹಿಂದಿನ ಮೆಟ್ಟಿಲು ಸಾಲುಗಳಲ್ಲಿ ಜನರನ್ನು ಎತ್ತರದ ಪ್ರಕಾರ ನಿಲ್ಲಿಸುತ್ತಿದ್ದ. ಆ ಗಲಾಟೆಯ ವಿರುದ್ಧ ದಿಕ್ಕಿನಲ್ಲಿ, ಕ್ಷಮಿಸಿ ಕ್ಷಮಿಸಿ ಅನ್ನುತ್ತ, ಟೊಯೊಶಿಮಾ ಕೆಳಗಿಳಿದು ಬಂದ. ಸೂಕ್ಷ್ಮದರ್ಶಕದ ಎದುರು ನಿಂತ. ಹತ್ತಿರದಿಂದ ನೋಡಿದರೆ ಅವನ ಅಂಗಿಯ ತೋಳಿನಲ್ಲಿ ಸೀಮೆಸುಣ್ಣದ ಪುಡಿ ಇತ್ತು.

"ನೋಡಬಹುದಾ?" ಅಂದ.

"ಕ್ಯಾಮೆರಾ ಕೂಡಿಸಿದ್ದು ನಾನು," ಅಂದಳು ಕಯೋ. ಅವನು ಕೇಳಿದ್ದಕ್ಕೆ ಇದು ಉತ್ತರವಲ್ಲ ಅಂತ ಅವಳಿಗೆ ಗೊತ್ತಿತ್ತು. "ಕನ್ನಡಿ ಇದ್ದ ಕೊಳವೆ. ಸೆನ್ಸೇ ಅಲ್ಲ, ನಾನು. ಆವತ್ತು ನಿಮ್ಮ ಭಿತ್ತಿಪತ್ರದ ಮುಂದೆ ನಾನೂ ನಕ್ಕಿದ್ದೆ. ನೀವು ಸುಳ್ಳು ಒಪ್ಪಿಕೊಂಡು ಪತ್ರ ಬರೆದಾಗ, ಪಾಪ, ಬೇರೆ ದಾರಿ ಇರಲಿಲ್ಲ ಅಂದ್ಕೊಂಡೆ. ಅಷ್ಟೇ ಅಂದ್ಕೊಂಡೆ."

"ಸುಳ್ಳಾ?" ಅವನು ನಿಜಕ್ಕೂ ಬೆಚ್ಚಿದ. "ಅಯ್ಯೋ, ಸುಳ್ಳು ಬರೀಲಿಲ್ಲ ನಾನು. ನಂಗೆ ನೆನಪಿದೆ. ಮುಚ್ಚಳ ಅದಲು ಬದಲು ಮಾಡಿದ್ದು ಚೆನ್ನಾಗಿ ನೆನಪಿದೆ. ಮಂಗಳವಾರ. ಎರಡೂ ಮುಚ್ಚಳ ತೊಳೆದು ಕಿಟಕಿ ಹತ್ರ ಒಣಗೋಕೆ ಇಟ್ಟಿದ್ದೆ, ಅಷ್ಟರಲ್ಲಿ ಫೋನ್ ಬಂತು, ಮಾತಾಡ್ತಾ ಎಡಗೈಯಲ್ಲಿ ಕೆಂಪುದನ್ನ ತಗೊಂಡು..." ಅವನ ಎಡಗೈ ಗಾಳಿಯಲ್ಲಿ ಒಂದು ಮುಚ್ಚಳವನ್ನು ಹಾಕಿ ತಿರುಪಿತು. ಅಲ್ಲಿಗೇ ನಿಂತಿತು. ಅವನು ತನ್ನ ಕೈಯನ್ನೇ ನೋಡಿದ. "ಹದಿನಾರು ವರ್ಷದಿಂದ ನೆನಪಿದೆ," ಅಂದ.

ಸೋಲೊಪ್ಪಿಕೊಂಡವನಲ್ಲ ಇವನು, ನಂಬಿದವನು. ಅವಳು ಬಿಗಿದ ಒಂದು ಕನ್ನಡಿ ಇವನ ತಲೆಯೊಳಗೆ ಹೋಗಿ, ನಡೆಯದ ಮಂಗಳವಾರವನ್ನೂ ಬಾರದ ಫೋನನ್ನೂ ಅಲ್ಲಿ ನಿಲ್ಲಿಸಿತ್ತು. ಕ್ಷಮಿಸಿ ಅನ್ನಲು ಬಾಯಿ ತೆರೆದಳು. ಆ ಮಾತು ಇದಕ್ಕೆ ಎಲ್ಲಿಯೂ ತಾಗುವುದಿಲ್ಲ ಅನ್ನಿಸಿ, ಕುರ್ಚಿಯಿಂದ ಎದ್ದು ಅವನಿಗೆ ಜಾಗ ಬಿಟ್ಟಳು.

ಅವನು ಕನ್ನಡಕ ತೆಗೆದು ಕಣ್ಣಿಟ್ಟ. ಮೊದಲು ಉಸಿರು ಕೇಳಿಸುತ್ತಿತ್ತು, ಆಮೇಲೆ ಅದೂ ಕೇಳಿಸಲಿಲ್ಲ. ಮೇಲಿನ ಸಾಲುಗಳಿಂದ ಹೋರಿಯಿ ಕೂಗಿದಳು: "ಟೊಯೊಶಿಮಾ-ಸಾನ್, ಫೋಟೋಕ್ಕೆ ಬನ್ನಿ! ನಿಮ್ಮೊಬ್ಬರಿಗೇ ಕಾಯ್ತಿರೋದು!" ಅವನು ಅಲುಗಲಿಲ್ಲ. ಫೋಟೋದವನು ಗಡಿಯಾರ ನೋಡಿಕೊಂಡ. ನಡುವಿನ ಕುರ್ಚಿಯಲ್ಲಿ ಹೂಗುಚ್ಛ ಹಿಡಿದು ಕೂತಿದ್ದ ಸೆನ್ಸೇ ಕೈಯೆತ್ತಿ, "ಇರ್ಲಿ ಬಿಡಿ, ಅವರು ನೋಡ್ಲಿ. ಕಾಯೋಣ," ಅಂದರು. ಇನ್ನೂರು ಜನ ಎತ್ತರದ ಪ್ರಕಾರ ನಿಂತುಕೊಂಡು ಕಾದರು. ಹರಟೆ ಮೆಲ್ಲಗೆ ನಿಂತಿತು. ಟೊಯೊಶಿಮಾನ ಒಂದು ಕೈ ಮೇಜಿನ ಮೇಲಿತ್ತು. ಅದರ ತೋರುಬೆರಳು ಅವನಿಗೆ ಅರಿವಿಲ್ಲದೆ ಮರದ ಮೇಲೆ ಸಣ್ಣ ಸುತ್ತು ಬರೆಯತೊಡಗಿತ್ತು, ಬಹಳ ನಿಧಾನವಾಗಿ, ಒಂದಾದ ಮೇಲೊಂದು. ಕಯೋ ಆ ಬೆರಳನ್ನು ನೋಡುತ್ತ ನಿಂತಳು. ಎಡಕ್ಕೇ ಸುತ್ತುತ್ತಿತ್ತು.